ಒಂಬತ್ತು ಸೆಕೆಂಡಿನ ಹಸಿರು

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಈ ಸಲ ಹಣ್ಣು ಚೆನ್ನಾಗಿ ಬಂದಿದೆ, ನಾರು ಕಡಿಮೆ, ತೊಳೆ ದಪ್ಪ. ವರ್ಷಕ್ಕಾಗುವಷ್ಟನ್ನು ಉಪ್ಪು ಹಾಕಿ ಮಡಕೆಗೆ ತುಂಬಿಬಿಡೋಣ ಅಂತ ಬೆಳಿಗ್ಗೆ ಪೂಜೆ ಮುಗಿಸಿದವಳೇ ಅಂಗಳದಲ್ಲಿ ಚಾಪೆ ಹಾಸಿದ್ದೆ. ಎರಡೂ ಕೈ ಅಂಟು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಮ್ಮನೆಯವರು ಎಣ್ಣೆ ಗಿರಣಿಗೆ ಹೊರಟವರು ಇನ್ನೂ ಚಪ್ಪಲಿ ಮೆಟ್ಟುತ್ತಿದ್ದರು. ಅವರೇ ಒತ್ತಿ, ದನಿ ಜೋರು ಮಾಡಿ, ನನ್ನ ಪಕ್ಕ ಇಟ್ಟರು.

"ಅಮ್ಮಾ, ಮೊಳಕಾಲ್ಮೂರಿಂದ. ಕ್ಯಾಸೆಟ್ಟಿನವರ ಮನೆಯಾಕೆ ಮಾತಾಡ್ತಿರೋದು."

"ಹೇಳಿ ಅತ್ತಿಗೆ. ಅಣ್ಣ ಹೆಂಗವರೆ?"

"ಇಲ್ಲ ತಲ್ಲಿ. ಹೋದ್ರು. ಇವತ್ತಿಗೆ ಮೂರು ದಿನ."

ಮಧ್ಯಾಹ್ನ ಉಂಡು ಮಲಗಿದವರು ಟೀಗೆ ಏಳಲಿಲ್ಲವಂತೆ. ಅಷ್ಟೇ ಹೇಳಿ, ಯಾರೋ ಬಂದರು ಅಂತ ತೆಲುಗು ಮನೆಮಾತಿನ ಆಕೆ ಫೋನಿಟ್ಟರು. ನರಳಲಿಲ್ಲ, ಯಾರ ಕೈಯಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ರಾಮೇಶ್ವರ ಸ್ವಾಮಿ ಅವರಿಗೆ ಅಷ್ಟು ದಯೆ ತೋರಿದ. ನಮ್ಮನೆಯವರು "ಒಳ್ಳೆ ಮನುಷ್ಯ" ಅಂದು ಹೊರಟರು. ನಾನು ಕೈ ತೊಳೆಯಲಿಲ್ಲ. ಕೂತೇ ಇದ್ದೆ.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆಸಿಕೊಳ್ಳುವುದು ಅವರಿಗೇ ಇಷ್ಟವಿರಲಿಲ್ಲ. ಚಳ್ಳಕೆರೆಯಲ್ಲಿ ಮದುವೆ ವಿಡಿಯೋ ತೆಗೆಯುವ ಬೇರೆಯವರೆಲ್ಲ ಕ್ಯಾಸೆಟ್ಟಿನ ಮೊದಲಿಗೊಂದು ಸಲ, ಕೊನೆಗೊಂದು ಸಲ ತಮ್ಮ ಅಂಗಡಿಯ ಹೆಸರನ್ನು ಓಡಿಸುತ್ತಿದ್ದ ಕಾಲದಲ್ಲಿ ಇವರ ಕ್ಯಾಸೆಟ್ಟಿನಲ್ಲಿ 'ಶುಭಂ' ಅಂತ ಒಂದೇ ಪದ ಬರುತ್ತಿತ್ತು. ಊರವರು ಕ್ಯಾಸೆಟ್ಟಿನವರು ಅನ್ನುತ್ತಿದ್ದರು. ನಾನು ಅಣ್ಣಾ ಅನ್ನುತ್ತಿದ್ದೆ.

ಅಂಗಡಿ ಗಿರಣಿಗಳ ಹಿಂದಿನ ಓಣಿಯಲ್ಲಿತ್ತು. ಒಳಗೆ ಹೋದರೆ ಶೇಂಗಾ ಹಿಂಡಿಯ ವಾಸನೆ, ಅದರ ಜೊತೆ ಬಿಸಿಯಾದ ವೈರಿನ ವಾಸನೆ. ಗೋಡೆಯುದ್ದಕ್ಕೂ ಕ್ಯಾಸೆಟ್ಟು. ನಡುವೆ ಮೂರು ಟಿವಿ, ಮೂರು ವಿಸಿಆರ್. ದೊಡ್ಡ ಟಿವಿಯ ಮೇಲೊಂದು ಮೊಳೆ, ಆ ಮೊಳೆಗೆ ನಾಲ್ಕು ರೇಷ್ಮೆ ನೂಲಿನ ಲಡಿ: ಕೆಂಪು, ಹಳದಿ, ಎಲೆಹಸಿರು, ನೀಲಿ. ಮೊದಲ ಸಲ ನೋಡಿದಾಗ ದೃಷ್ಟಿಗೆ ಕಟ್ಟಿದ್ದಾರೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರಪ್ಪ ಮೊಳಕಾಲ್ಮೂರಿನಲ್ಲಿ ಸೀರೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ಆ ಲಡಿಗಳು ಅಪ್ಪನ ಕೈಯವು. ಟಿವಿಯ ಬಣ್ಣ ಸರಿಯಿದೆಯೋ ಇಲ್ಲವೋ ನೋಡುವಾಗ ಅಣ್ಣ ಲಡಿಯನ್ನು ಮೊಳೆಯಿಂದ ತೆಗೆದು ಗಾಜಿಗೆ ತಾಗಿಸಿ ಹಿಡಿದು, ಒಂದು ಕಣ್ಣು ಮುಚ್ಚಿ, ತಿರುಪು ತಿರುಗಿಸುತ್ತಿದ್ದರು.

"ನಮ್ಮಪ್ಪ ಸುಳ್ಳು ಹೇಳಿರಬಹುದು ಅಮ್ಮಾ, ಅಪ್ಪನ ಬಣ್ಣ ಹೇಳಲ್ಲ" ಅನ್ನುತ್ತಿದ್ದರು.

ಸಣಕಲು ಆಳು. ಎಂಥ ಬಿಸಿಲಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿಯೇ ಇರಬೇಕು. ದಿನವಿಡೀ ಸೆಕೆಂಡಿನ ಲೆಕ್ಕದಲ್ಲಿ ಮಾತಾಡುವ ಮನುಷ್ಯ ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. "ಇವ್ರನ್ನ ಊಟಕ್ಕೆ ಕರದ್ರೆ ಇನ್ನ ನಲವತ್ತು ಸೆಕೆಂಡು ಅಂತಾರೆ. ನಲವತ್ತು ಸೆಕೆಂಡು ಮುಗಿಯೋ ಹೊತ್ತಿಗೆ ಸಾರು ಎರಡು ಸಲ ಕಾಯಿಸಿರ್ತೀನಿ" ಅಂತ ಅತ್ತಿಗೆ ಎಲ್ಲರೆದುರಿಗೇ ರೇಗಿಸುತ್ತಿದ್ದರು. ಅಣ್ಣ ನಗುತ್ತಿದ್ದರು, ಏಳುತ್ತಿರಲಿಲ್ಲ.

ಇನ್ನೊಂದು ಅಭ್ಯಾಸ ಇತ್ತು. ಪರದೆಯ ಮೇಲೆ ಯಾರದ್ದಾದರೂ ಮುಖವಿದ್ದಾಗ ಟಿವಿ ಆರಿಸುತ್ತಿರಲಿಲ್ಲ. ಮುಖ ಸರಿದು ಗೋಡೆಯೋ ಚಪ್ಪರವೋ ಬರುವ ತನಕ ಕಾದು, ಆಮೇಲೆ ಗುಂಡಿ ಒತ್ತುತ್ತಿದ್ದರು. ಯಾಕೆ ಅಂತ ಕೇಳಿದರೆ, "ಮಾತಾಡ್ತಿರೋರ ಮುಂದೆ ಬಾಗಿಲು ಹಾಕ್ತೀವಾ?" ಅಂದಿದ್ದರು.

ನಾನು ಅವರ ಹತ್ತಿರ ಹೋದ ಕಾರಣ ಹೇಳಬೇಕಾದರೆ ನಮ್ಮವ್ವನ ಕತೆ ಹೇಳಬೇಕು. ಅವ್ವನದು ಅಂತ ನನ್ನ ಹತ್ತಿರ ಕತೆಯೇನೂ ಇಲ್ಲ. ನನಗೆ ಎರಡು ವರ್ಷ ತುಂಬುವ ಮೊದಲೇ ಮೂರು ದಿನದ ಜ್ವರದಲ್ಲಿ ಹೋದಳು. ಅಪ್ಪ ಇನ್ನೊಂದು ಮದುವೆಯಾದರು. ನನ್ನನ್ನು ಸಾಕಿದವಳು ಅವ್ವನ ಅವ್ವ, ನಮ್ಮಜ್ಜಿ. ಇದ್ದ ಒಂದು ಮದುವೆ ಫೋಟೋದಲ್ಲಿ ಅವ್ವ ತಲೆ ತಗ್ಗಿಸಿದ್ದಾಳೆ. ಬೈತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ.

ಅವ್ವ ಸಾಯುವ ಕೆಲವು ತಿಂಗಳ ಮುಂಚೆ ನನ್ನ ಜವಳ ತೆಗೆಸಲು ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೋಗಿದ್ದರು. ಆ ದಿನ ಅಲ್ಲಿಗೆ ಜಪಾನಿನಿಂದ ಯಾರೋ ಪಂಡಿತರು ಬಂದಿದ್ದರಂತೆ, ಅಶೋಕನ ಕಾಲದ ಬರಹವಿರುವ ಬಂಡೆ ನೋಡಲು. ಹೆಗಲ ಮೇಲೆ ವಿಡಿಯೋ ಕ್ಯಾಮೆರಾ. ನಮ್ಮ ಸೋದರಮಾವ ಅವರ ಸಾಮಾನು ಹೊತ್ತುಕೊಂಡು ಜೊತೆಗಿದ್ದ. ಬಂಡೆ ತೆಗೆಯುತ್ತಾ ತೆಗೆಯುತ್ತಾ ಆ ಪಂಡಿತರು ಅವ್ವನನ್ನೂ ಒಂದಿಷ್ಟು ತೆಗೆದಿದ್ದಾರೆ. ತಮ್ಮ ದೇಶಕ್ಕೆ ಹೋದ ಮೇಲೆ ಮರೆಯದೆ ಒಂದು ಕ್ಯಾಸೆಟ್ಟನ್ನು ಮಾವನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರು. ಅದು ಬರುವ ಹೊತ್ತಿಗೆ ಅವ್ವ ಇರಲಿಲ್ಲ.

ಆಗ ನಮ್ಮೂರು ತಳಕಿನಲ್ಲಿ ಒಬ್ಬರ ಮನೆಯಲ್ಲಿ ಮಾತ್ರ ವಿಸಿಆರ್ ಇತ್ತು. ಮಾವ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋದ. ಅಜ್ಜಿ ಅಲ್ಲಿ ಕಂಡದ್ದನ್ನು ನಾನು ಬುದ್ಧಿ ಬಂದಾಗಿಂದ ಕೇಳಿದ್ದೇನೆ. ಬಣ್ಣವಿಲ್ಲ, ಎಲ್ಲ ಬೂದಿ. ಅವ್ವನ ತಲೆ ಕೆಳಗೆ, ಕಾಲು ಮೇಲೆ, ನಡುವೆ ಒಂದು ಕಪ್ಪು ಪಟ್ಟಿ. ನಿಲ್ಲದೆ ಮೇಲೆ ಮೇಲೆ ಹೋಗುತ್ತಾಳೆ, ಮೇಲಿಂದ ಮಾಯವಾಗಿ ಮತ್ತೆ ಕೆಳಗಿಂದ ಬರುತ್ತಾಳೆ. ಬಾಯಿ ಆಡುತ್ತದೆ, ಕೇಳುವುದು ಗರಗರ ಸದ್ದು. ಆ ಮನೆಯವರು ಕ್ಯಾಸೆಟ್ಟು ಕೆಟ್ಟಿದೆ ಅಂದರು. ಅಜ್ಜಿ ಒಪ್ಪಲಿಲ್ಲ.

"ಕೆಟ್ಟಿರೋದು ಕ್ಯಾಸೆಟ್ಟಲ್ಲ, ನನ್ನ ಮಗಳ ಗತಿ. ಇನ್ನಾ ಆ ಬೆಟ್ಟ ಹತ್ತುತಾನೇ ಅವ್ಳೆ. ಹತ್ತುತಾಳೆ, ಹತ್ತುತಾಳೆ, ಮುಟ್ಟಂಗೇ ಇಲ್ಲ."

ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಬೇವಿನ ಸೊಪ್ಪು ಹಾಕಿ, ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಅವತ್ತಿಂದ ಪ್ರತಿ ಅಮಾವಾಸ್ಯೆ ಮಧ್ಯಾಹ್ನ ಒಂದೆಲೆ ಮೊಸರನ್ನ ಹಿತ್ತಲ ಗೋಡೆಯ ಮೇಲೆ. ಬೆಟ್ಟ ಹತ್ತುವವಳಿಗೆ ಹಸಿವಾಗುತ್ತದೆ ಅಂತ. ನಾನು ಬೆಳೆದದ್ದು ಹೀಗೆ. ಬೇರೆ ಮಕ್ಕಳ ಅವ್ವಂದಿರು ಬೈಯುತ್ತಿದ್ದರು, ಹೊಡೆಯುತ್ತಿದ್ದರು. ನಮ್ಮವ್ವ ಹತ್ತುತ್ತಿದ್ದಳು. ಈಗಲೂ ಮೆಟ್ಟಿಲು ಹತ್ತುವಾಗ ಒಮ್ಮೊಮ್ಮೆ ನನ್ನ ಬೆನ್ನ ಹಿಂದೆ ಇನ್ನೊಂದು ಜೋಡಿ ಕಾಲಿನ ಸದ್ದು ಕೇಳಿದಂತಾಗುತ್ತದೆ. ಶಿವ ಶಿವಾ ಅಂತ ಹೇಳಿಕೊಂಡು ಹತ್ತುತ್ತೇನೆ.

ನನ್ನ ಮದುವೆಯಾಗಿ ಚಳ್ಳಕೆರೆಗೆ ಬಂದೆ. ಸೋದರಮಾವನೂ ತೀರಿಕೊಂಡ ಮೇಲೆ ಅಜ್ಜಿಯನ್ನು, ಅವಳ ಪೆಟ್ಟಿಗೆಯನ್ನು ನಮ್ಮನೆಗೇ ಕರೆತಂದೆವು. ನಮ್ಮನೆಯವರು ಬೇಡ ಅನ್ನಲಿಲ್ಲ. ಅದನ್ನು ನಾನು ದಿನಾ ನೆನೆಯುತ್ತೇನೆ.

ಒಂದು ದಿನ ಮಗನ ನಾಮಕರಣದ ಕ್ಯಾಸೆಟ್ಟನ್ನು ಸಿ.ಡಿ.ಗೆ ಹಾಕಿಸಲು ಅಣ್ಣನ ಅಂಗಡಿಗೆ ಹೋಗಿದ್ದೆ. ಕುದಾಪುರದ ಕಡೆಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನ ಒಬ್ಬ ಎಂಜಿನಿಯರ್ ಕೂತಿದ್ದರು. ವಿದೇಶದಲ್ಲಿ ತರಬೇತಿಗೆ ಹೋದಾಗ ತೆಗೆದ ಹಳೆಯ ಕ್ಯಾಸೆಟ್ಟು ತಂದಿದ್ದರು. ಅಣ್ಣ ಅದನ್ನು ವಿಸಿಆರಿಗೆ ಹಾಕಿದರು. ಪರದೆಯ ಮೇಲೆ ಬೂದಿ ಬಣ್ಣ. ಆ ಎಂಜಿನಿಯರರ ತಲೆ ಕೆಳಗೆ, ಕಾಲು ಮೇಲೆ, ನಡುವೆ ಕಪ್ಪು ಪಟ್ಟಿ. ನಿಲ್ಲದೆ ಮೇಲೆ ಮೇಲೆ ಹೋಗುತ್ತಿದ್ದರು.

ಆ ಮನುಷ್ಯ ಬದುಕಿದ್ದಾರೆ, ನನ್ನ ಪಕ್ಕದ ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದಾರೆ.

ಅಣ್ಣ ಒಂದು ಕರಿ ಪೆಟ್ಟಿಗೆಯ ಗುಂಡಿ ಒತ್ತಿದರು. ಚಿತ್ರ ಒಂದು ಸಲ ನಡುಗಿ ನಿಂತುಬಿಟ್ಟಿತು. ತಲೆ ಮೇಲೆ, ಕಾಲು ಕೆಳಗೆ.

"ಸಾರ್, ಆ ಶರ್ಟು ಈಗಲೂ ಐತಾ?" ಅಂದರು ಅಣ್ಣ.

"ಇರಬೇಕು. ಯಾಕ್ರೀ?"

"ನಾಳೆ ಅದನ್ನ ಹಾಕ್ಕೊಂಡು ಬನ್ನಿ. ಆ ದೇಶದ ಟೇಪಿನಾಗೆ ಬಣ್ಣ ಜಾರ್ತೈತೆ. ಪಕ್ಕದಾಗೆ ಇಟ್ಟು ನೋಡಿದ್ರೆ ಸರಿಯಾಗಿ ಕೂರಿಸ್ತೀನಿ."

"ಶರ್ಟು ಹಳೇದೇ ಐತೆ, ಹೊಟ್ಟೆ ಸೈಜು ಬದಲಾಗಿದೆಯಲ್ರೀ!" ಅಂತ ಆತ ನಕ್ಕರು. ಅಣ್ಣನೂ ನಕ್ಕರು. ನನಗೆ ನಗು ಬರಲಿಲ್ಲ. ಎಂಜಿನಿಯರ್ ಎದ್ದು ಹೋದ ಮೇಲೆ ಅವ್ವನ ವಿಷಯ ಹೇಳಿದೆ. ಅಜ್ಜಿ ಇಡುವ ಎಡೆಯ ವಿಷಯವನ್ನು ಹೇಳಲಿಲ್ಲ. ಕೆಟ್ಟು ಹೋಗಿರುವ ಕ್ಯಾಸೆಟ್ಟು ಒಂದಿದೆ, ಹೀಗೀಗೆ ಕಾಣುತ್ತದೆ ಅಂದೆ, ಅಷ್ಟೇ.

"ಅದು ಕೆಟ್ಟಿಲ್ಲಮ್ಮಾ" ಅಂದರು. "ಅವರ ನೇಯ್ಗೆ ಬೇರೆ, ನಮ್ಮ ನೇಯ್ಗೆ ಬೇರೆ. ಅಲ್ಲಿ ಒಂದು ಚಿತ್ರಕ್ಕೆ ಐನೂರ ಇಪ್ಪತ್ತೈದು ಎಳೆ. ನಮ್ಮ ಟಿವಿ ಆರುನೂರ ಇಪ್ಪತ್ತೈದು ಕೇಳ್ತೈತೆ. ಸಿಗಲಿಲ್ಲ ಅಂದ್ರೆ ಸೀರೆ ಮಗ್ಗದಾಗೆ ನಿಲ್ಲಲ್ಲ, ಓಡ್ತೈತೆ."

"ಮತ್ತೆ ಇನ್ನ ನೂರು ಎಳೆ?"

"ಪಕ್ಕದ ಎಳೆ ನೋಡ್ಕೊಂಡು ಈ ಕರಿ ಪೆಟ್ಟಿಗೆ ನೇಯ್ತೈತೆ. ಅದು ಸುಲಭ. ಕಷ್ಟ ಇರೋದು ಕಾಲದಾಗೆ. ಅಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ, ಇಲ್ಲಿ ಇಪ್ಪತ್ತೈದು. ಆರಕ್ಕೆ ಒಂದು ಬಿಡಬೇಕು."

"ಬಿಟ್ಟಿದ್ದು ಎಲ್ಲಿಗೆ ಹೋಗ್ತದೆ?"

ಅಣ್ಣ ನನ್ನ ಕಡೆ ತಿರುಗಿ ಕೂತರು. ಅವರನ್ನು ಯಾರೂ ಹಾಗೆ ಕೇಳಿರಲಿಲ್ಲವೋ ಏನೋ. "ಎಲ್ಲೂ ಹೋಗಲ್ಲಮ್ಮಾ. ಮೂಲದಾಗೆ ಇರ್ತೈತೆ. ನಮಗೆ ಕಾಣಲ್ಲ ಅಷ್ಟೇ."

ಮಾರನೇ ದಿನ ಅಜ್ಜಿಗೆ ಹೇಳದೆ ಕ್ಯಾಸೆಟ್ಟು ಒಯ್ದೆ. ಅಣ್ಣ ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಟೇಪು ನೋಡಿದವರೇ ಬೆಳಕಿಗೆ ಹೋದರು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹತ್ತಿತ್ತು. ಬೇವಿನ ಸೊಪ್ಪನ್ನು ಅಜ್ಜಿ ಹಸಿಯಾಗಿಯೇ ಹಾಕಿದ್ದಳಲ್ಲ, ಅದರ ನೀರು. ಮೂರು ದಿನ ಇಟ್ಟುಕೊಂಡು ಹತ್ತಿಯಿಂದ, ಸ್ಪಿರಿಟ್ಟಿನಿಂದ ಒರೆಸಿದರು. ಆಮೇಲೆ ನನ್ನನ್ನು ಕರೆಸಿದರು.

"ಒಂದು ಸಲ ಓಡ್ತೈತೆ. ಎರಡನೇ ಸಲಕ್ಕೆ ನಾನು ಮಾತು ಕೊಡಲ್ಲ. ಓಡುವಾಗಲೇ ಬಣ್ಣ ಕೂರಿಸಿ ಸಿ.ಡಿ.ಗೆ ಇಳಿಸಬೇಕು, ಆಮೇಲೆ ಮಾಡೋಕೆ ಆಗಲ್ಲ. ನಿಮ್ಮವ್ವನ ಹಣೆ ಮ್ಯಾಲೆ ಕುಂಕುಮ ಇದ್ದೇ ಇರ್ತೈತೆ, ಅದನ್ನ ನೋಡಿ ಕೂರಿಸ್ತೀನಿ."

"ಸೀರೆ ನೋಡಿ ಕೂರಿಸಿ ಅಣ್ಣಾ. ಹಸಿರು ಸೀರೆ. ಎಲೆಹಸಿರು."

"ನೀವು ನೋಡಿದ್ದೀರಾ?"

"ನಮ್ಮಜ್ಜಿ ನೋಡಿದ್ದಾಳೆ. ನಾ ಹುಟ್ಟಿದಾಗಿಂದ ಹೇಳ್ತಾಳೆ."

ಅವ್ವನ ಬಗ್ಗೆ ನನಗೆ ಗೊತ್ತಿದ್ದ ಬಣ್ಣ ಅದೊಂದೇ. ನಮ್ಮವ್ವ ಹೆಂಗಿದ್ಲು ಅಂತ ನಾನು ಕೇಳಿದಾಗಲೆಲ್ಲ ಅಜ್ಜಿ ಹೇಳುತ್ತಿದ್ದುದು, ಹಸಿರು ಸೀರೆ ಉಟ್ಟುಕೊಂಡು ಲಕ್ಷ್ಮಿ ಇದ್ದಂಗಿದ್ಲು.

ಅಣ್ಣ ಕೈ ಮುಗಿದು, "ಬಾ ತಾಯಿ" ಅಂತ ಕ್ಯಾಸೆಟ್ಟನ್ನು ಒಳಗೆ ತಳ್ಳಿದರು. ಇಪ್ಪತ್ತು ನಿಮಿಷ ಬರೀ ಬಂಡೆ. ಬಂಡೆಯ ಮೇಲೆ ಇರುವೆ ಸಾಲಿನಂಥ ಅಕ್ಷರ. ಟೇಪು ಒಳಗೆ ಕಿರುಗುಟ್ಟುತ್ತಿತ್ತು. ಪ್ರತಿ ಸಲ ಕಿರುಗುಟ್ಟಿದಾಗಲೂ ಅಣ್ಣ ಹಲ್ಲು ಕಚ್ಚುತ್ತಿದ್ದರು. ಬಂಡೆಗೆ ಏನು ಬಣ್ಣ? ಆಕಾಶವೂ ಬಿಸಿಲಿಗೆ ಬೆಳ್ಳಗಿತ್ತು. ಹಿಡಿಯಲು ಏನೂ ಇರಲಿಲ್ಲ.

ಆಮೇಲೆ ಬಂಡೆಯ ಪಕ್ಕದಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಬೋಳುತಲೆಯ ಮಗು. ಸೀರೆ ಹಳದಿಯಾಗಿ ಕಂಡಿತು.

"ಹಳದಿ ಬಂತಲ್ಲ ಅಣ್ಣಾ! ತಪ್ಪು ಬಂತು, ತಿರುಗಿಸಿ! ಹಸಿರು ಅದು!"

"ನನ್ನ ಕಣ್ಣಿಗೆ ಅದು ಹಸಿರಲ್ಲಮ್ಮಾ..."

"ಹಸಿರೇ! ನಮ್ಮಜ್ಜಿ ಸುಳ್ಳು ಹೇಳ್ತಾಳಾ? ತಿರುಗಿಸ್ರಿ!"

ತಿರುಗಿಸಿದರು. ಎಡಗೈಯಲ್ಲಿ ಹಸಿರು ಲಡಿ ಹಿಡಿದು, ಸೀರೆ ಅದಕ್ಕೆ ಹೊಂದುವ ತನಕ ತಿರುಗಿಸಿದರು. ಸೀರೆ ಹಸಿರಾಯಿತು. ಅದರ ಜೊತೆ ಅವ್ವನ ಮುಖವೂ ಹಸಿರಾಯಿತು. ಕೆನ್ನೆ, ಕುತ್ತಿಗೆ, ಮಗು ಹಿಡಿದ ಕೈ, ಎಲ್ಲ ಹಸಿರು ಹಸಿರು, ಜೀವ ಹೋದವರ ಹಾಗೆ. ಕುಂಕುಮ ಕೆಸರಿನಂತಾಯಿತು. ಅಣ್ಣ ನನ್ನನ್ನು ನೋಡಿದರು. ನಾನು ಬೆರಳು ತೋರಿಸಿಕೊಂಡೇ ಇದ್ದೆ. ಆಮೇಲೆ ಅವರಿಂದ ತಡೆಯಲಾಗಲಿಲ್ಲ. ಲಡಿ ಕೆಳಗೆ ಹಾಕಿ ತಿರುಪನ್ನು ಹಿಂದಕ್ಕೆ ತಿರುಗಿಸಿದರು. ಕುಂಕುಮ ಕೆಂಪಗಾಯಿತು. ಮುಖಕ್ಕೆ ರಕ್ತ ಬಂತು. ಸೀರೆ ಅರಿಶಿನದ ಹಳದಿ.

ಆಗಲೇ ಅವ್ವ ಕ್ಯಾಮೆರಾ ಕಡೆ ತಿರುಗಿದಳು.

"ನನ್ನ ಯಾಕಪ್ಪಾ ತೆಗಿತೀಯ? ನಾನೇನ್ ಕಲ್ಲಾ? ಕಲ್ಲು ಅತ್ಲಾಗೈತೆ ನೋಡು."

ಅಂದು ನಕ್ಕಳು. ಅಣ್ಣ ಥಟ್ಟನೆ ನನ್ನ ಕಡೆ ತಿರುಗಿ, "ಏನಂದ್ರಿ?" ಅಂದರು. ನಾನು ಬಾಯಿ ತೆರೆದಿರಲಿಲ್ಲ. ಆ ದನಿ ಅಕ್ಷರಕ್ಕಕ್ಷರ ನನ್ನದು. ಇಷ್ಟು ವರ್ಷ ಯಾರಿಗೆಲ್ಲ ಏನೇನು ಕೂಗಿದ್ದೆನೋ ಅದೆಲ್ಲ ಅವಳ ದನಿಯಲ್ಲೇ ಕೂಗಿದ್ದೆ. ಅವ್ವ ಸೆರಗೆಳೆದು ಮಗುವಿನ ಬೋಳುತಲೆಗೆ ಮುಚ್ಚಿದಳು. ಕೈ ಹೋಗುವಾಗ ಸಣ್ಣಗೆ ಎಗರಿತು. ಆರನೆಯ ಚಿತ್ರ ಬಿಟ್ಟ ಜಾಗ ಅದು. ಮಾವನ ದನಿ ಎಲ್ಲಿಂದಲೋ "ಅಕ್ಕಾ, ಸರಿ ಅತ್ಲಾಗೆ" ಅಂತು. ಅವಳು ಸರಿದಳು. ಮತ್ತೆ ಬಂಡೆ. ಆಗ ಅಣ್ಣ ಗುಂಡಿ ಒತ್ತಿದರು.

ಅವ್ವ ಇದ್ದದ್ದು ಎಲ್ಲ ಸೇರಿ ಐವತ್ತು ಸೆಕೆಂಡೂ ಇಲ್ಲ. ಇನ್ನೊಂದು ಸಲ ನೋಡೋಣ ಅಂತ ಮೂಲದ ಟೇಪನ್ನು ಹಿಂದಕ್ಕೆ ಸುತ್ತಿದರೆ ಚಿತ್ರ ಹಿಡಿದಿದ್ದ ಮೇಲಿನ ಪುಡಿ ಉದುರಿ ಬಂತು. ಪರದೆ ತುಂಬ ಮಂಜು.

"ಒಂಬತ್ತು ಸೆಕೆಂಡು ಹಾಳು ಮಾಡಿದೆನಲ್ಲಮ್ಮಾ" ಅಂದರು ಅಣ್ಣ. "ನನ್ನ ಕಣ್ಣು ಹೇಳ್ತಿತ್ತು. ಕಣ್ಣಿನ ಮಾತು ಕೇಳಲಿಲ್ಲ."

ಹಾಳು ಮಾಡಿದವಳು ನಾನು. ತಿರುಗಿಸಿ ಅಂತ ಕಿರುಚಿದವಳು ನಾನು. ಆ ಮಾತು ನಾಲಿಗೆ ತನಕ ಬಂತು. "ಬಿಡಿ ಅಣ್ಣಾ" ಅಂದೆ.

ಸಿ.ಡಿ. ತಂದು, ಊಟವಾದ ಮೇಲೆ ಅಜ್ಜಿಯನ್ನು ಟಿವಿ ಮುಂದೆ ಕೂರಿಸಿದೆ. ಏನು ಅಂತ ಹೇಳದೆ ಹಾಕಿದೆ. ಬಂಡೆ ಕಂಡದ್ದೇ ಅಜ್ಜಿ ನನ್ನ ಮಣಿಕಟ್ಟು ಹಿಡಿದಳು, ಉಗುರು ಇಳಿಯುವ ಹಾಗೆ. ಅವ್ವ ಬಂದಳು. ಮೊದಲ ಹಳದಿ ನಾಲ್ಕೈದು ಸೆಕೆಂಡೂ ಇಲ್ಲ, ಮಗಳ ಮುಖ ಹುಡುಕುತ್ತಿದ್ದ ಅಜ್ಜಿಯ ಕಣ್ಣಿಗೆ ಅದು ಸಿಗಲಿಲ್ಲ. ಹಸಿರು ಸೀರೆ, ಹಸಿರು ಮುಖ. ಅಜ್ಜಿ ಪರದೆಯ ಕಡೆ ಬಗ್ಗಿದಳು.

"ಹಂಗೇ ಅವ್ಳೆ" ಅಂದಳು ಪಿಸುದನಿಯಲ್ಲಿ. "ನಾವು ಉಡಿಸಿ ಕಳಿಸಿದ್ದೇ ಅದು. ಮುತ್ತೈದೆ ಹೋದ್ಲು ಅಂತ ಹಸಿರು ಸೀರೆ, ಹಸಿರು ಬಳೆ. ಹಂಗೇ ಅವ್ಳೆ."

ಆಗ ನನಗೆ ತಿಳಿಯಿತು. ನನಗೆ ಬುದ್ಧಿ ಬಂದಾಗಿಂದ ಅಜ್ಜಿ ಹೇಳಿದ ಹಸಿರು, ಅವ್ವನನ್ನು ಗುಂಡಿಗೆ ಇಳಿಸಿದ ದಿನದ ಹಸಿರು. ಕೊನೆಗೆ ನೋಡಿದ್ದು ಮೊದಲಿನದನ್ನೆಲ್ಲ ನುಂಗಿಬಿಟ್ಟಿತ್ತು. ಟಿವಿ ಆರಿಸಲು ಕೈ ಚಾಚಿದೆ. ಅಷ್ಟರಲ್ಲಿ ಪರದೆಯ ಮೇಲೆ ಕುಂಕುಮ ಕೆಂಪಗಾಯಿತು. ಮುಖಕ್ಕೆ ರಕ್ತ ಬಂತು. ಹಸಿರೆಲ್ಲ ಇಳಿದು ಹೋಗಿ ಸೀರೆ ಹಳದಿಯಾಯಿತು. ನಾನೇನ್ ಕಲ್ಲಾ ಅಂತ ಅವ್ವ ನಕ್ಕಳು.

ಅಜ್ಜಿ ನನ್ನ ಕೈ ಬಿಟ್ಟಳು.

"ಬಿಚ್ಚಿ ಹಾಕಿದ್ಲು ಕಣೇ" ಅಂದಳು. "ಆ ಸೀರೆ ಬಿಚ್ಚಿ ಹಾಕಿ ತನ್ನ ಸೀರೆ ಉಟ್ಕಂಡ್ಲು. ನಿಂತ್ಲು ನೋಡು. ಹತ್ತಿ ಮುಟ್ಟಿದ್ಲು."

ಮತ್ತೆ ಹಾಕು ಅನ್ನಲಿಲ್ಲ. ಮುಂದಿನ ಅಮಾವಾಸ್ಯೆಗೆ ನಾನೇ ಮೊಸರನ್ನ ಕಲಸಿ ಎಲೆ ತೊಳೆದಿಟ್ಟೆ. ಅಜ್ಜಿ ಅದನ್ನು ಎತ್ತಿಕೊಂಡು ತಾನೇ ಉಂಡಳು. ಆಮೇಲೆ ಇನ್ನೂ ಮೂರು ವರ್ಷ ಇದ್ದಳು. ಒಂದು ದಿನವೂ ಬೆಟ್ಟದ ಮಾತಾಡಲಿಲ್ಲ.

ನಾನು ಇದನ್ನು ಅಣ್ಣನಿಗೆ ಹೇಳಲಿಲ್ಲ.

ಸಿಕ್ಕಾಗಲೆಲ್ಲ ಅವರು ಅದೇ ಎತ್ತುತ್ತಿದ್ದರು. ಸಂತೆಯಲ್ಲಿ ಕೊತ್ತಂಬರಿ ಆರಿಸುವಾಗ, ಗುಡಿಯ ಕಟ್ಟೆಯಲ್ಲಿ, ಒಂದು ಸಲ ಬಸ್ಸಿನ ಕಿಟಕಿಯಿಂದಲೇ ತಲೆ ಹೊರಹಾಕಿ: "ಆ ಒಂಬತ್ತು ಸೆಕೆಂಡು ನನ್ನ ತಪ್ಪಮ್ಮಾ." ನಾನು "ಬಿಡಿ ಅಣ್ಣಾ" ಅನ್ನುತ್ತಿದ್ದೆ. ಹೇಳಬೇಕಾದರೆ ಹೆಣದ ಸೀರೆಯ ಮಾತು ಎತ್ತಬೇಕು. ಅವರ ಅಂಗಡಿ ತುಂಬ ಮದುವೆ, ಸೀಮಂತ, ನಾಮಕರಣ. ಅಲ್ಲಿ ಹೇಗೆ ಎತ್ತುವುದು ಅಂತ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ, ಹಠ ಮಾಡಿದ್ದು ನಾನು, ತಪ್ಪು ಹೊತ್ತದ್ದು ಅವರು. ಹೊತ್ತುಕೊಂಡಿದ್ದಾರಲ್ಲ, ಇರಲಿ ಅನ್ನಿಸಿತು. ದೇವರ ಮುಂದೆ ದೀಪ ಹಚ್ಚುವ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ, ಸುಳ್ಳು ಬರೆಯಲಾರೆ.

ಕಾಲ ಹೋದ ಹಾಗೆ ಕ್ಯಾಸೆಟ್ಟು ಹೋಯಿತು, ಸಿ.ಡಿ. ಹೋಯಿತು. ಅಂಗಡಿಯ ಜಾಗದಲ್ಲಿ ಫೋನಿನ ಕವರು ಮಾರುವವರು ಬಂದರು. ಅಣ್ಣ ಒಂದು ಕಂಪ್ಯೂಟರು, ಆ ನಾಲ್ಕು ಲಡಿ ಎತ್ತಿಕೊಂಡು ಮೊಳಕಾಲ್ಮೂರಿನ ತಂದೆಯ ಮನೆಗೆ ಹೋದರು. ಹೋಗುವ ಮುಂಚೆ ಯಾರು ಯಾರ ಕ್ಯಾಸೆಟ್ಟು ತಮ್ಮಲ್ಲಿ ಉಳಿದಿದೆಯೋ ಅವರವರ ಮನೆಗೆ ನಡೆದುಕೊಂಡೇ ಹೋಗಿ ಕೊಟ್ಟು ಬಂದರಂತೆ. ಕೆಲವು ಮನೆಯವರು, ಇನ್ನು ಎಲ್ಲಿ ಹಾಕ್ತೀವಿ ಇದನ್ನ, ಅಂತ ಬಾಗಿಲಲ್ಲೇ ಕಸದ ಬುಟ್ಟಿಗೆ ಹಾಕಿದರಂತೆ. ಅದನ್ನು ಹೇಳುವಾಗಲೂ ಬೇಜಾರು ಮಾಡಿಕೊಳ್ಳಲಿಲ್ಲ. "ಕೊಡೋದು ನನ್ನ ಕೆಲಸ, ಕೊಟ್ಟೆ" ಅಂದರು. ನಮ್ಮನೆಗೂ ಬಂದಿದ್ದರು, ಪುಡಿ ಉದುರಿದ ಆ ಮೂಲದ ಕ್ಯಾಸೆಟ್ಟು ಕೊಡಲು. ಮಜ್ಜಿಗೆ ಕೊಟ್ಟೆ. ಅಜ್ಜಿಯ ಫೋಟೋಗೆ ಕೈ ಮುಗಿದು, "ಇವರು ನೋಡಿದ್ರಾ ಅದನ್ನ? ಏನಂದ್ರು?" ಅಂದರು. ನೇರವಾಗಿ ಕೇಳಿದ್ದು ಅದೊಂದೇ ಸಲ. ಅಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕಿತು. ಒಳಗೆ ಓಡಿದೆ. ವಾಪಸು ಬಂದಾಗ, "ಖುಷಿ ಪಟ್ಟಳು ಅಣ್ಣಾ" ಅಂದೆ. ಅವರು ತಲೆಯಾಡಿಸಿದರು. ಸಮಾಧಾನಕ್ಕೆ ಅಂದೆ ಅಂದುಕೊಂಡಿರಬೇಕು.

ಇಷ್ಟು ನೆನೆಯುವ ಹೊತ್ತಿಗೆ ಹುಣಸೆ ಅಂಟು ಕೈಯಲ್ಲಿ ಒಣಗಿ ಬೆರಳು ಬಿಗಿದುಕೊಂಡಿದ್ದವು. ಫೋನು ಮತ್ತೆ ಹೊಡೆದುಕೊಂಡಿತು. ಮತ್ತೆ ಅತ್ತಿಗೆಯೇ. ಈ ಸಲ ಬೆರಳ ಗೆಣ್ಣಿನಿಂದ ನಾನೇ ಒತ್ತಿದೆ.

"ಆಗಲೇ ಹೇಳೋದು ಮರೆತೆ ತಲ್ಲಿ. ನಿಮ್ಮದೊಂದು ಐತೆ ಇಲ್ಲಿ. ಪೆನ್ ಡ್ರೈವು."

"ನಂದಾ?"

"ನಿಮ್ಮವ್ವಂದು. ಅದರದೊಂದು ಕಾಪಿ ಕಂಪ್ಯೂಟರಿನಾಗೆ ಇಟ್ಕಂಡಿದ್ರಲ್ಲ, ವರ್ಷದಾಗೆ ನಾಕು ಸಲನಾದ್ರೂ ತೆಗೆದು ಕೂರೋರು. ಒಂದೊಂದೇ ಚಿತ್ರ ನಿಲ್ಲಿಸೋದು, ಲಡಿ ಹಿಡಿಯೋದು, ಬಣ್ಣ ಬಳಿಯೋದು. ಇನ್ನೂರ ಇಪ್ಪತ್ತೈದು ಚಿತ್ರ ಅಂತೆ ಆ ಒಂಬತ್ತು ಸೆಕೆಂಡಿಗೆ. ಕಣ್ಣು ಹೋಗ್ತೈತೆ ಬಿಡ್ರಿ ಅಂತ ನಾನು ಬೈಯ್ಯೋಳು. ಹೋದ ತಿಂಗಳು ಮುಗೀತು. ಚೂಡು, ನೋಡು, ಎಲ್ಲ ಹಳದಿ ಆಯ್ತು, ಒಂಚೂರೂ ಹಸಿರಿಲ್ಲ ಅಂತ ನನ್ನ ಎಬ್ಬಿಸಿಕೊಂಡು ಹೋಗಿ ತೋರಿಸಿದ್ರು. ಚೀಟಿ ಅಂಟಿಸವ್ರೆ, 'ಸರಿಹೋಯ್ತು' ಅಂತ. ಬಸ್ಸಿನಾಗೆ ಕಳಿಸ್ತೀನಿ ಅಂದೆ. ಬ್ಯಾಡ, ನಾನೇ ಹೋಗಿ ಕೈಯಾಗೇ ಕೊಡ್ತೀನಿ, ತಪ್ಪು ನಂದು ಅಂದ್ರು."

ನಾನು ಹುಣಸೆಬೀಜಗಳನ್ನು ಪಕ್ಕಕ್ಕೆ ಸರಿಸಿದೆ.

"ಅಮ್ಮಾ? ಇದ್ದೀರಾ?"

ಇದ್ದೇನೆ ಅಂದೆ. ಆಮೇಲೆ ಹೇಳಿದೆ. ಅಂಗಳದಲ್ಲಿ ಒಬ್ಬಳೇ ಕೂತು, ನೆಲದ ಮೇಲಿನ ಫೋನಿಗೆ ಬಗ್ಗಿ, ಎಲ್ಲ ಹೇಳಿದೆ. ತಿರುಗಿಸಿ ಅಂತ ಕಿರುಚಿದ್ದು ನಾನು. ಆ ಹಸಿರು ಯಾವ ಹಸಿರು. ಅಜ್ಜಿ ಏನು ಕಂಡಳು, ಏನಂದಳು. ಮೊಸರನ್ನ ತಾನೇ ಉಂಡದ್ದು. ಆ ಒಂಬತ್ತು ಸೆಕೆಂಡು ಸರಿಯಾಗಿಯೇ ಬಂದಿದ್ದರೆ ಅಜ್ಜಿ ತನ್ನ ಮಗಳನ್ನು ಬೆಟ್ಟದ ಮೇಲೆಯೇ ಬಿಟ್ಟು ಸಾಯುತ್ತಿದ್ದಳು ಅಂತ ಹೇಳಿದೆ. ಅಣ್ಣ ಹಾಳು ಮಾಡಿದ್ದು ಏನೂ ಇರಲಿಲ್ಲ ಅಂತ ಹೇಳಿದೆ.

ಆ ಕಡೆ ದೂರದಲ್ಲಿ ಯಾರದೋ ಮನೆಯ ಮಗ್ಗ ಟಕ ಟಕ ಅನ್ನುತ್ತಿತ್ತು.

"ಇದನ್ನ ಅವರಿಗೆ ಒಂದು ಸಲ ಹೇಳಿದ್ರೆ ಆಗ್ತಿರಲಿಲ್ವೇನಮ್ಮಾ?" ಅಂದರು ಅತ್ತಿಗೆ.

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

"ನಾನೇ ಬರ್ತೀನಿ ಅತ್ತಿಗೆ, ತಗೊಳ್ಳೋಕೆ" ಅಂದೆ.

"ಬನ್ನಿ" ಅಂದರು. ಅವರೂ ಇಡಲಿಲ್ಲ, ನಾನೂ ಇಡಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ತಾನೇ ಕತ್ತರಿಸಿಕೊಂಡಿತು.

ಅಷ್ಟರಲ್ಲಿ ಬೀದಿಯಲ್ಲಿ ಕೊಡಗಳ ಸದ್ದು. ಎಂಟು ದಿನದ ಮೇಲೆ ನಲ್ಲಿ ಬಿಟ್ಟಿದ್ದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ, "ನೀರು ಬಂತು, ಏಳ್ರೀ!" ಅಂತ ಕೂಗಿದಳು. "ಬಂದೆ" ಅಂತ ಕೂಗಿದೆ. ಕೂಗಿದ್ದು ನನ್ನ ದನಿಯೋ ಅವ್ವನದೋ ಅಂತ ಕೇಳಿಸಿಕೊಳ್ಳುತ್ತಾ ಎದ್ದೆ. ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ಕೆಂಪು ನೀರು. ಅದರಲ್ಲೇ ಕೈಯ ಅಂಟು ತೊಳೆದುಕೊಂಡು, ತಿಳಿಯಾದ ಮೇಲೆ ಮೊದಲ ಬಿಂದಿಗೆ ಇಟ್ಟೆ.